ಕಾಲ್ಚೆಂಡಿನ ಗುರು ರಹೀಮ್ ಸಾಹೇಬರು



ಈ ಸಲ ನಮ್ಮ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ಗಾಂಧೀಜಿ, ವಿವೇಕಾನಂದರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಗೆಳೆಯರು ಚಂದಾಗಿ ಬರೆದಾರ. ನಾನು ಒಬ್ಬ ಆಟದ ಮಾಸ್ತರರ ಬಗ್ಗೆ ಬರೀತೀನಿ. ಅವರ ಹೆಸರು ಸಯ್ಯದ್ ಅಬ್ದುಲ್ ರಹೀಮ್. ಭಾರತದ ಫುಟ್‌ಬಾಲ್ ತಂಡಕ್ಕೆ ಎರಡು ಸಲ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟ ತರಬೇತುದಾರರು. ಅವರು ತೀರಿಕೊಂಡು ಅರವತ್ತು ವರ್ಷ ದಾಟೈತಿ.

ಅವರನ್ನೇ ಯಾಕ ಆರಿಸಿದೆ ಅಂತ ಹೇಳತೀನಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರ್ಯಾಗ ಕುಸ್ತಿ ನೋಡಾಕ ತಿಕೋಟಾ, ಬಬಲೇಶ್ವರ ಕಡೆಯಿಂದ ಎಲ್ಲಾರೂ ಹೋಗ್ತೀವಿ. ಪೈಲ್ವಾನ ಗೆದ್ದರ ಅವನನ್ನ ಹೆಗಲ ಮ್ಯಾಲ ಹೊತ್ತು ಕುಣಿತಾರ. ಚಿತ್ ಆದರ ಮಂದಿಯ ಬೆರಳು ವಸ್ತಾದರ ಕಡೆ ಹೋಗತೈತಿ. ಹಳ್ಳಿಯ ಆಟದಾಗ ಈ ಬೆರಳು ಚಹಾದಂಗಡಿಯ ಮಾತಾಗಿ ಒಂದು ದಿನಕ್ಕ ಮುಗೀತೈತಿ. ದೇಶದ ಆಟದಾಗ ಅದು ಪತ್ರಿಕೆಯ ಅಕ್ಷರ ಆಗತೈತಿ, ಅಳಿಸಾಕ ಬರೂದಿಲ್ಲ. ಆಟ ಮುಗಿದ ಮ್ಯಾಲ ತರಬೇತುದಾರರಿಗೂ ಪತ್ರಿಕೆಯವರಿಗೂ ನಡೆಯುವ ಈ ಜಗ್ಗಾಟ ರಹೀಮ್ ಸಾಹೇಬರ ಬಾಳು ಓದಿದರ ಚೆನ್ನಾಗಿ ತಿಳೀತೈತಿ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ. ನಮ್ಮ ವಿಜಯಪುರ ಆಗ ಮುಂಬೈ ಪ್ರಾಂತದಲ್ಲಿತ್ತು. ಆದರ ಪಕ್ಕದ ಕಲಬುರಗಿ, ರಾಯಚೂರು, ಬೀದರ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಹಂಗಾಗಿ ಅವರು ನಮಗ ದೂರದವರೇನಲ್ಲ. ಉಸ್ಮಾನಿಯಾದಲ್ಲಿ ಓದಿ, ಶಾಲಾ ಮಾಸ್ತರರಾಗಿ ಮಕ್ಕಳಿಗೆ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ತರಬೇತಿ ಪಡೆದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಆ ತಂಡ 1950ರಿಂದ 1954ರ ತನಕ ಸಾಲಾಗಿ ಐದು ಸಲ ಮುಂಬೈಯ ರೋವರ್ಸ್ ಕಪ್ ಗೆದ್ದಿತು.

ಅವರು ಕಲಿಸುವ ರೀತಿ ಶಾಲಾ ಮಾಸ್ತರರದ್ದೇ. ಚೆಂಡನ್ನ ಕಾಲಾಗ ಇಟ್ಟುಕೊಂಡು ಒಬ್ಬನೇ ಓಡಬಾರದು, ಬಂದ ತಕ್ಷಣ ಗೆಳೆಯನಿಗೆ ದಾಟಿಸಬೇಕು ಅನ್ನೂದು ಅವರ ಪಾಠ. ಅದಕ್ಕಂತ ಒಬ್ಬನೇ ಚೆಂಡು ಒಯ್ಯದಂಥ ನಿಯಮದ ಪಂದ್ಯ ಇಡತಿದ್ದರು. ಬಲಗಾಲಿನವರು ಎಡಗಾಲಿನಿಂದಲೇ ಆಡಬೇಕು ಅನ್ನುವ ಪಂದ್ಯಾನೂ ಇಡತಿದ್ದರು. ಇಂಥ ಕಲಿಕೆಗೆ ವರ್ಷಗಟ್ಟಲೆ ಬೇಕು. ಅದು ಯಾವ ದಿನದ ಪತ್ರಿಕೆಯಾಗೂ ಸುದ್ದಿ ಆಗೂದಿಲ್ಲ.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೀತು. ಫೈನಲ್‌ನಲ್ಲಿ ಭಾರತ ಇರಾನನ್ನ 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಹೊಡೆದವರು ಮೇವಾಲಾಲ್. ದೇಶವೆಲ್ಲ ಹಿಗ್ಗಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್ ಬಂತು. ಅಲ್ಲಿ ಯುಗೊಸ್ಲಾವಿಯಾ ನಮ್ಮನ್ನ 10-1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ವಿಚಾರ ಮಾಡೋಣ. ಮರುದಿನ ಪತ್ರಿಕೆ ತೆರೆದವರಿಗೆ ಕಂಡದ್ದು ಹತ್ತು ಮತ್ತು ಒಂದು ಅನ್ನೋ ಅಂಕಿ. ಆ ಅಂಕಿ ಸುಳ್ಳಲ್ಲ. ಆದರ ನಮ್ಮ ಹುಡುಗರಲ್ಲಿ ಹೆಚ್ಚಿನವರು ಆ ಥಂಡಿ ದೇಶದಾಗ ಬರಿಗಾಲಲ್ಲಿ ಆಡಿದ್ದರು. ಎದುರಿನವರಿಗೆ ಬೂಟು ಇದ್ದವು. ಅಂಕಿ ಒಂದನ್ನೇ ಓದಿದವನಿಗೆ ಗುರುವಿನ ತಪ್ಪು ಕಾಣತೈತಿ, ಕಾಲು ನೋಡಿದವನಿಗೆ ಕಾರಣ ಕಾಣತೈತಿ. ಪತ್ರಿಕೆಯವರ ಕಷ್ಟಾನೂ ಹೇಳಬೇಕು. ಅವರು ಆಟ ಮುಗಿದ ರಾತ್ರಿಯೇ ತಂತಿ ಕಳಿಸಬೇಕಾಗಿತ್ತು. ಅಚ್ಚಿನ ಯಂತ್ರ ಯಾರಿಗೂ ಕಾಯೂದಿಲ್ಲ, ಜಾಗಾನೂ ಸ್ವಲ್ಪ. ಅದಕ್ಕ ಅಂಕಿ ದೊಡ್ಡದಾಗತೈತಿ, ಕಾರಣ ಸಣ್ಣದಾಗತೈತಿ. ಒಂದು ಒಳ್ಳೇದೂ ಆತು. ಆ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಬೂಟು ಹಾಕಿ ಆಡೂದು ಕಡ್ಡಾಯ ಮಾಡಿತು. ಸೋಲನ್ನ ಮುಚ್ಚಿಟ್ಟಿದ್ದರ ಆ ಬದಲಾವಣೆ ಇನ್ನೂ ತಡ ಆಗತಿತ್ತು ಅಂತ ನನಗ ಅನಸತೈತಿ.

ರಹೀಮ್ ಸಾಹೇಬರ ಉತ್ತರ ನಾಲ್ಕು ವರ್ಷಕ್ಕ ಮೈದಾನದಾಗ ಕಂಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನ ಅವರ ನೆಲದಾಗೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿದ ಏಷ್ಯಾದ ಮೊದಲ ತಂಡ ನಮ್ಮದು. ಕೊನೆಗೆ ನಾಲ್ಕನೇ ಸ್ಥಾನ ಬಂತು. ನ್ಯಾಯವಾಗಿ ಬರೆಯೋದಾದರ ಇನ್ನೊಂದು ಮಾತೂ ಸೇರಿಸಬೇಕು. ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ಆಡಾಕ ಬರಲೇ ಇಲ್ಲ. ಸೋತಾಗ ಕಾರಣ ಹುಡುಕುವವರು ಗೆದ್ದಾಗಲೂ ಅದೃಷ್ಟದ ಪಾಲು ಹೇಳಬೇಕು.

ಆ ತಂಡದಲ್ಲಿ ಹೈದರಾಬಾದಿನ ಆಟಗಾರರು ಅನೇಕರಿದ್ದರು. ಫುಟ್‌ಬಾಲಿನ ದೊಡ್ಡ ಊರು ಅಂದರ ಕಲಕತ್ತಾ. ತನ್ನ ಊರಿನವರನ್ನೇ ಆರಸತಾರ ಅನ್ನುವ ಗುಸುಗುಸು ಇಂಥಲ್ಲಿ ತಪ್ಪೂದಿಲ್ಲ. ಆದರ ಒಂದು ಸಂಗತಿ ನೋಡ್ರಿ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರ ಸ್ವಂತ ಮಗ ಸಯ್ಯದ್ ಶಾಹಿದ್ ಹಕೀಮ್ ಇದ್ದರು. ಭಾರತ ಅಲ್ಲಿ ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡಿತು, ಹಂಗೇರಿಗೂ ಪೆರುವಿಗೂ ಸೋತಿತು. ಮೂರು ಆಟದಾಗ ಒಂದರಾಗೂ ಮಗನಿಗೆ ಮೈದಾನಕ್ಕ ಇಳಿಯುವ ಅವಕಾಶ ಸಿಗಲಿಲ್ಲ. ಪಕ್ಷಪಾತದ ಮಾತಿಗೆ ಇದಕ್ಕಿಂತ ಉತ್ತರ ಬೇಕಾ? ಆ ಹಕೀಮ್ ಸಾಹೇಬರು ಮುಂದ ವಾಯುಸೇನೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫರಿಯಾದರು. 2021ರ ಆಗಸ್ಟ್‌ನಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ನೆರೆ ಜಿಲ್ಲೆಯಲ್ಲೇ!

ಈಗ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಮೊದಲ ಆಟದಾಗೇ ದಕ್ಷಿಣ ಕೊರಿಯಾ ನಮ್ಮನ್ನ 2-0ರಿಂದ ಸೋಲಿಸಿತು. ಅಂದೇ ಬರೆದು ಮುಗಿಸಿದ್ದರ ರಹೀಮ್ ಸಾಹೇಬರ ಕಥೆ ಸೋಲಿನ ಕಥೆ ಆಗತಿತ್ತು. ಆಮೇಲೆ ಥಾಯ್ಲೆಂಡನ್ನ 4-1ರಿಂದ, ಜಪಾನನ್ನ 2-0ರಿಂದ, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಮನ್ನ 3-2ರಿಂದ ಗೆದ್ದರು. ಹಿಂದ ನಿಂತು ತಡೆಯುವ ಜರ್ನೈಲ್ ಸಿಂಗ್ ಅವರಿಗೆ ತಲಿಗೆ ಪೆಟ್ಟಾಗಿ ಹೊಲಿಗಿ ಬಿದ್ದಿದ್ದವು. ಗುರುಗಳು ಅವರನ್ನ ಮುಂದ ನಿಲ್ಲಿಸಿ ಗೋಲು ಹೊಡೆಯಾಕ ಬಿಟ್ಟರು.

ಅಷ್ಟರಲ್ಲಿ ಬ್ಯಾರೆ ಬಿರುಗಾಳಿ ಎದ್ದಿತ್ತು. ಇಂಡೋನೇಷ್ಯಾ ಸರಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನ ಒಳಗ ಬಿಟ್ಟಿರಲಿಲ್ಲ. ಹಂಗಾದರ ಇದನ್ನ ಏಷ್ಯನ್ ಕ್ರೀಡಾಕೂಟ ಅಂತ ಕರೆಯಬಾರದು ಅಂತ ಭಾರತದ ಕ್ರೀಡಾ ಅಧಿಕಾರಿ ಜಿ. ಡಿ. ಸೋಂಧಿ ಹಟ ಹಿಡಿದರು. ಆ ಸುದ್ದಿ ಹಬ್ಬಿ ಜನ ಸಿಟ್ಟಿಗೆದ್ದರು. ಭಾರತದ ರಾಯಭಾರ ಕಚೇರಿ ಮ್ಯಾಲೇ ದಾಳಿ ಆತು. ಮಾತು ಒಬ್ಬರದು, ಸಿಟ್ಟು ಬಿದ್ದದ್ದು ಹನ್ನೊಂದು ಹುಡುಗರ ಮ್ಯಾಲ. ಸೆಪ್ಟೆಂಬರ್ 4ರಂದು ಫೈನಲ್. ಸುಮಾರು ಒಂದು ಲಕ್ಷ ಮಂದಿ ಕೂಗಿ ಗೇಲಿ ಮಾಡುವಾಗ ನಮ್ಮವರು ಅದೇ ಕೊರಿಯಾವನ್ನ 2-1ರಿಂದ ಸೋಲಿಸಿದರು. ಪಿ. ಕೆ. ಬ್ಯಾನರ್ಜಿ ಒಂದು ಗೋಲು, ಹೊಲಿಗಿ ಹಾಕಿಸಿಕೊಂಡ ಜರ್ನೈಲ್ ಸಿಂಗ್ ಒಂದು ಗೋಲು.

ಮುಂದ ಒಂಬತ್ತೇ ತಿಂಗಳು. 1963ರ ಜೂನ್ 11ರಂದು ಕ್ಯಾನ್ಸರ್ ರೋಗದಿಂದ ರಹೀಮ್ ಸಾಹೇಬರು ತೀರಿಕೊಂಡರು. ಆಗ ಅವರಿಗೆ 53 ವರ್ಷ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. 2023ರ ಹ್ಯಾಂಗ್‌ಝೌ ಕೂಟದ ತನಕ ನಮ್ಮ ಗಂಡುಮಕ್ಕಳ ಫುಟ್‌ಬಾಲ್ ತಂಡಕ್ಕೆ ಏಷ್ಯಾದ ಚಿನ್ನ ಮತ್ತೆ ಬರಲಿಲ್ಲ.

2024ರಲ್ಲಿ ಅವರ ಮ್ಯಾಲ ಮೈದಾನ್ ಅನ್ನೋ ಹಿಂದಿ ಸಿನಿಮಾ ಬಂತು. ಅದರಾಗ ಒಬ್ಬ ಪತ್ರಕರ್ತ ಖಳನಾಯಕ. ಆ ಪಾತ್ರ ಸಿನಿಮಾಕ್ಕಂತ ಕಟ್ಟಿದ್ದು. ಪತ್ರಕರ್ತರೆಲ್ಲ ಕೆಟ್ಟವರು ಅಂತ ನಾವು ತಿಳಿಯಬಾರದು. 1951ರ ಚಿನ್ನ, 1952ರ ಹತ್ತು ಗೋಲು, 1962ರ ಗೆಲುವು, ಎಲ್ಲಾ ಅಂದಂದೇ ಬರೆದಿಟ್ಟವರು ಅವರೇ. ಅವರು ಬರೆಯದಿದ್ದರ ನನಗ ಈ ಲೇಖನ ಎಲ್ಲಿಂದ ಸಿಗತಿತ್ತು?

ಈ ಮಾತು ನಮಗೂ ಹತ್ತೈತಿ. ಈ ಸಲ ತಾಲೂಕು ಮಟ್ಟದ ಖೋಖೋದಲ್ಲಿ ನಮ್ಮ ಹುಡುಗ್ಯಾರು ಒಂದೇ ಅಂಕದಿಂದ ಸೋತರು. ಮರುದಿನ ಕಟ್ಟಿ ಮ್ಯಾಲ ಕುಂತವರು ಎಲ್ಲಾ ಪಿ.ಟಿ. ಸರ್ ತಪ್ಪು ಅಂದರು. ಗೋಡೆ ಪತ್ರಿಕೆಯಾಗೂ ಹಂಗ ಬರೀರಿ ಅಂತ ನಮಗ ಹೇಳಿದರು. ಬರೆಯಬಾರದು ಅಂತ ಸರ್ ಒಂದು ಮಾತೂ ಹೇಳಲಿಲ್ಲ. ಹಂಗಾಗಿ ತೀರ್ಮಾನ ನಮ್ಮ ಕೈಯಾಗೇ ಐತಿ. ನಮ್ಮ ಸಂಪಾದಕ ಮಂಡಳಿಗೆ ನನ್ನ ಸೂಚನೆ ಮೂರು:

1. ಅಂಕಿ ಇದ್ದದ್ದು ಇದ್ದಂಗ ಬರೀಬೇಕು, ಸೋಲು ಮುಚ್ಚಬಾರದು.

2. ಆಟ ಮುಗಿದ ಒಂದು ರಾತ್ರಿ ಕಳೆದ ಮ್ಯಾಲ ಸರ್ ಅವರನ್ನೂ ಆಡಿದವರನ್ನೂ ಕೇಳಿ ಬರೀಬೇಕು. ನಮಗ ಅಚ್ಚಿನ ಯಂತ್ರದ ಅವಸರ ಇಲ್ಲ.

3. ಎದುರಿನ ತಂಡ ಚೆನ್ನಾಗಿ ಆಡಿದ್ದರ ಅದನ್ನೂ ಬರೀಬೇಕು. ಎಲ್ಲಾ ಸೋಲೂ ನಮ್ಮ ತಪ್ಪಿನಿಂದ ಆಗೂದಿಲ್ಲ.

ಖೋಖೋ ಆಟದ ವರದಿಗೆ ಮುಂದಿನ ಸಂಚಿಕೆಯಾಗ ಅರ್ಧ ಹಾಳೆ ಖಾಲಿ ಬಿಟ್ಟೀವಿ. ಆಡಿದ ಅಕ್ಕ ತಂಗ್ಯಾರು ತಮ್ಮ ಮಾತು ಶನಿವಾರದೊಳಗ ಬರೆದು ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.