ವೈದ್ಯ ಹಕಾರು ಹಾಶಿಮೊಟೊ

ಜಪಾನಿನ ಮಿಯೆ ಪ್ರಾಂತದ ಇಗಾ ಸೀಮೆಯಲ್ಲಿ, ತಲೆಮಾರುಗಳಿಂದ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದ ಮನೆತನದಲ್ಲಿ, 1881ರ ಮೇ 5ರಂದು ಹಕಾರು ಹಾಶಿಮೊಟೊ ಅವರು ಜನಿಸಿದರು. ಮುಂದೆ ಕ್ಯೂಶೂ ವಿಶ್ವವಿದ್ಯಾನಿಲಯದ ಅಂಗವಾದ ಫುಕುಓಕಾದ ವೈದ್ಯಕೀಯ ಕಾಲೇಜಿನಿಂದ 1907ರಲ್ಲಿ ಹೊರಬಂದ ಪ್ರಥಮ ಪದವೀಧರರಲ್ಲಿ ಇವರೂ ಒಬ್ಬರು. ಅಲ್ಲಿಯೇ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕ ಹಯಾರಿ ಮಿಯಾಕೆ ಅವರ ಕೈಕೆಳಗೆ ಸೇವೆಗೆ ನಿಂತರು.

ಗಳಗಂಡಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ವರು ಸ್ತ್ರೀಯರ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಇವರಿಗೆ ಒಂದು ಅಪೂರ್ವ ದೃಶ್ಯ ಕಂಡಿತು. ಹಾರ್ಮೋನನ್ನು ತಯಾರಿಸಬೇಕಾದ ಜೀವಕೋಶಗಳು ಕೆಟ್ಟು, ಅವುಗಳ ನಡುವೆ ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳು ಗುಂಪುಗುಂಪಾಗಿ ಬೀಡುಬಿಟ್ಟಿದ್ದವು. ಇದು ಬೇರೆಯೇ ರೋಗವೆಂದು ನಿರ್ಧರಿಸಿ, 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಯ ಗಾಟಿಂಗೆನ್‌ಗೆ ತೆರಳಿದರಾದರೂ 1914ರ ಮಹಾಯುದ್ಧ ಅದನ್ನು ಮೊಟಕುಗೊಳಿಸಿತು. ಸ್ವದೇಶಕ್ಕೆ ಮರಳಿ, ಇಗಾದಲ್ಲಿಯೇ ವೈದ್ಯರಾಗಿ ನೆಲೆಸಿದರು. ಇತ್ತ ಪಾಶ್ಚಾತ್ಯ ಪಂಡಿತರಲ್ಲಿ ಅನೇಕರು ಇವರು ಕಂಡದ್ದನ್ನು ರೀಡೆಲ್ ಎಂಬವರು ವರ್ಣಿಸಿದ್ದ ರೋಗದ ಆರಂಭದ ಘಟ್ಟವೆಂದೇ ಎಣಿಸಿದರು. ದೂರದೇಶದ ತರುಣನೊಬ್ಬನ ನಾಲ್ಕೇ ರೋಗಿಗಳ ವೃತ್ತಾಂತಕ್ಕೆ ಮನ್ನಣೆ ತಡವಾದುದು ಸೋಜಿಗವೇನಲ್ಲ. 1931ರಲ್ಲಿ ಅಮೆರಿಕದ ಅಲೆನ್ ಗ್ರಹಾಂ ಅವರು ಎರಡೂ ಬೇರೆ ಬೇರೆಯೆಂದು ಎತ್ತಿಹಿಡಿದರು. 1934ರ ಜನವರಿ 9ರಂದು, ವಿಷಮಶೀತಜ್ವರಕ್ಕೆ ತುತ್ತಾಗಿ ಹಾಶಿಮೊಟೊ ಅವರು ತೀರಿಕೊಂಡರು.

ಆ ಬಿಳಿಯ ಕಣಗಳು ಅಲ್ಲಿ ನೆರೆದದ್ದೇಕೆಂಬುದು 1956ರವರೆಗೂ ಒಗಟಾಗಿಯೇ ಉಳಿಯಿತು. ಆ ವರ್ಷ ಅಮೆರಿಕದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಅವರು ಮೊಲಗಳಿಗೆ ಮೊಲದ ಥೈರಾಯ್ಡ್ ಸಾರವನ್ನೇ ಚುಚ್ಚಿ ಇಂಥದೇ ರೋಗವನ್ನು ಉಂಟುಮಾಡಿ ತೋರಿಸಿದರು. ಲಂಡನ್ನಿನಲ್ಲಿ ರಾಯಿಟ್, ಡೋನಿಯಾಕ್, ಕ್ಯಾಂಪ್‌ಬೆಲ್ ಅವರು ರೋಗಿಗಳ ರಕ್ತದಲ್ಲಿ ತಮ್ಮ ಗ್ರಂಥಿಯ ಸಾರಕ್ಕೇ ವಿರುದ್ಧವಾದ ಪ್ರತಿಕಾಯಗಳನ್ನು ಕಂಡರು. ದೇಹವನ್ನು ಕಾಯಬೇಕಾದ ಪಡೆ ದೇಹದ ಮೇಲೆಯೇ ತಿರುಗಿಬಿದ್ದಿತ್ತು.

ಸಂಬಂಧ ಏಕಮುಖವಾದುದಲ್ಲವೆಂಬುದು ಅನಂತರ ತಿಳಿದುಬಂದ ಸಂಗತಿ. ಗ್ರಂಥಿ ಹೆಚ್ಚಾಗಿ ಸ್ರವಿಸುವ ಥೈರಾಕ್ಸಿನ್, ಅಂದರೆ ಟಿ-4, ಅಂಗಾಂಶಗಳಲ್ಲಿ ಒಂದು ಅಯೊಡಿನ್ ಪರಮಾಣುವನ್ನು ಕಳೆದುಕೊಂಡು ಹೆಚ್ಚು ಸಮರ್ಥವಾದ ಟಿ-3 ಆಗುತ್ತದೆ. ಇದು ಜೀವಕೋಶದ ಕೇಂದ್ರದಲ್ಲಿರುವ ಗ್ರಾಹಕಗಳಿಗೆ ಅಂಟಿ ವಂಶವಾಹಿಗಳ ಕೆಲಸವನ್ನು ಹತೋಟಿಯಲ್ಲಿಡುತ್ತದೆ. ಅಂಥ ಗ್ರಾಹಕಗಳು ರೋಗನಿರೋಧಕ ಕಣಗಳಲ್ಲಿಯೂ ಇವೆ. ಲಿಂಫೋಸೈಟುಗಳಿಗೆ ಶತ್ರುವಿನ ಗುರುತನ್ನು ತೋರಿಸಿಕೊಡುವ ಡೆಂಡ್ರಿಟಿಕ್ ಕಣಗಳು ಟಿ-3 ದೊರೆತಾಗ ಪಕ್ವಗೊಂಡು ಚುರುಕಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಹೀಗೆ ಆಕ್ರಮಣಕ್ಕೆ ಗುರಿಯಾದ ಗ್ರಂಥಿಯ ಸ್ರಾವವೇ ಆಕ್ರಮಣಕಾರರ ಚುರುಕನ್ನೂ ತಿದ್ದಬಲ್ಲುದು. ರೋಗಿಯ ದೇಹದಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದು ಇನ್ನೂ ನಿಷ್ಕರ್ಷೆಯಾಗಿಲ್ಲ. ಗ್ರಂಥಿ ಸೋತವರಿಗೆ ಥೈರಾಕ್ಸಿನ್ ಮಾತ್ರೆ ಹಾರ್ಮೋನಿನ ಕೊರತೆಯನ್ನು ತುಂಬಿಕೊಡುತ್ತದೆ. ಆಕ್ರಮಣವನ್ನೇ ಮೂಲದಿಂದ ನಿಲ್ಲಿಸುವ ಔಷಧಿ ದೊರೆತಿಲ್ಲ.

ಕ್ಯೂಶೂ ವಿಶ್ವವಿದ್ಯಾನಿಲಯದ ವೈದ್ಯಕೀಯ ಆವರಣದ ಬೀದಿಯೊಂದಕ್ಕೆ ಇಂದು ಹಾಶಿಮೊಟೊ ಅವರ ಹೆಸರಿದೆ.