ಮೊದಲು ಯಾರು? ಡೊಮಿನಿಕ್ ಲಾರೆ ಕಲಿಸಿದ ಪಾಠ

ಕಳೆದ ವರ್ಷ ನನ್ನ ತಮ್ಮ ಮರದಿಂದ ಬಿದ್ದು ಕೈ ಮುರಿದುಕೊಂಡ. ಅಬ್ಬ ಮತ್ತು ನಾನು ಅವನನ್ನು ಬೆಟ್ಟದಪುರದಿಂದ ದೂರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವನು ಜೋರಾಗಿ ಅಳುತ್ತಿದ್ದ. ಆದರೆ ನಮ್ಮ ನಂತರ ಬಂದು, ಮಾತೇ ಆಡದೆ ಬೆವರುತ್ತಾ ಕುಳಿತಿದ್ದ ಒಬ್ಬ ಅಜ್ಜನನ್ನು ನರ್ಸ್ ಮೊದಲು ಒಳಗೆ ಕರೆದರು. ನನಗೆ ಕೋಪ ಬಂದು ಅವರೊಡನೆ ಜಗಳವನ್ನೇ ಆಡಿಬಿಟ್ಟೆ.

ಈಗ ನರ್ಸಿಂಗ್ ಓದುತ್ತಿರುವ ನನ್ನ ಅಕ್ಕನಿಗೆ ಪರೀಕ್ಷೆ ಹತ್ತಿರ ಬಂದಿದೆ. ರಾತ್ರಿ ನಾನು ಪ್ರಶ್ನೆ ಓದುತ್ತೇನೆ, ಅವಳು ಉತ್ತರ ಹೇಳುತ್ತಾಳೆ. ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡಬೇಕು ಎಂಬ ಪ್ರಶ್ನೆಗೆ, ಜೋರಾಗಿ ಕೂಗುವವರನ್ನು ಎಂದೆ ನಾನು. ಅಕ್ಕ ನಕ್ಕು, ಲಾರೆಯ ಬಗ್ಗೆ ಓದು ಎಂದಳು. ಓದಿದೆ.

ಡೊಮಿನಿಕ್ ಜೀನ್ ಲಾರೆ 1766ರಲ್ಲಿ ಫ್ರಾನ್ಸಿನ ಬೆಟ್ಟದ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು, ಶಸ್ತ್ರವೈದ್ಯರಾಗಿದ್ದ ಚಿಕ್ಕಪ್ಪನ ಬಳಿ ಕಲಿತು ಸೈನ್ಯ ಸೇರಿದರು. ಆಗ ಯುದ್ಧ ಮುಗಿಯುವವರೆಗೂ ಗಾಯಾಳುಗಳು ಬಿದ್ದಲ್ಲೇ ನರಳಬೇಕಿತ್ತು. 1792ರಲ್ಲಿ ಇದನ್ನು ಕಣ್ಣಾರೆ ಕಂಡ ಲಾರೆ, ಕುದುರೆ ಎಳೆಯುವ ಹಗುರ ಬಂಡಿಗಳನ್ನು ಯುದ್ಧಭೂಮಿಗೇ ಕಳುಹಿಸುವ ಯೋಜನೆ ಮಾಡಿದರು. ಇಂದಿನ ಆಂಬುಲೆನ್ಸಿಗೆ ಅದೇ ಮೂಲ.

1798ರಲ್ಲಿ ಅವರು ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಅಲ್ಲಿ ಗಾಯಾಳುಗಳನ್ನು ಒಂಟೆಗಳ ಮೇಲೆ ಸಾಗಿಸಿದರು. ಅಲ್ಲಿಂದಲೇ ನೆಪೋಲಿಯನ್ ನಮ್ಮ ಟಿಪ್ಪು ಸುಲ್ತಾನರಿಗೆ ಪತ್ರ ಬರೆದದ್ದು, ಅದು ಬ್ರಿಟಿಷರ ಕೈಗೆ ಸಿಕ್ಕಿದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಫ್ರೆಂಚ್ ಸೈನ್ಯ ಆಕ್ರೆ ಕೋಟೆಯನ್ನು ಮುತ್ತಿತ್ತು, ಅದರ ಗಾಯಾಳುಗಳು ಲಾರೆಯ ಆರೈಕೆಯಲ್ಲಿದ್ದರು.

ಲಾರೆಯ ನಿಯಮ ಸರಳ. ಅಧಿಕಾರಿಯಾಗಲಿ ಸಿಪಾಯಿಯಾಗಲಿ, ಪ್ರಾಣಾಪಾಯ ಹೆಚ್ಚಿರುವವರಿಗೆ ಮೊದಲ ಚಿಕಿತ್ಸೆ. ಶತ್ರುವಿಗೂ ಅದೇ ನಿಯಮ. 1812ರ ಬೊರೊಡಿನೊ ಯುದ್ಧದಲ್ಲಿ ಅವರು ಒಂದೇ ದಿನದಲ್ಲಿ ಸುಮಾರು 200 ಅಂಗಚ್ಛೇದನ ಮಾಡಿದರು. 1815ರಲ್ಲಿ ವಾಟರ್‌ಲೂನಲ್ಲಿ ಪ್ರಷ್ಯದವರು ಅವರನ್ನು ಸೆರೆಹಿಡಿದು ಕೊಲ್ಲಲು ಹೊರಟರು. ಆದರೆ ಪ್ರಷ್ಯದ ಸೇನಾಪತಿ ಬ್ಲೂಷರ್‌ನ ಮಗನಿಗೆ ಹಿಂದೆ ಚಿಕಿತ್ಸೆ ನೀಡಿ ಬದುಕಿಸಿದ್ದವರು ಲಾರೆಯೇ! ಹಾಗಾಗಿ ಅವರ ಪ್ರಾಣ ಉಳಿಯಿತು. 1842ರಲ್ಲಿ ಅವರು ನಿಧನರಾದರು.

ನರ್ಸಿಂಗ್ ಓದಲು ಬಯಸುವ ಗೆಳೆಯ ಗೆಳತಿಯರೇ, ಅಕ್ಕ ನನಗೆ ಬಾಯಿಪಾಠ ಮಾಡಿಸಿದ್ದು ಇದು: ಮೊದಲು ಶ್ವಾಸನಾಳ, ನಂತರ ಉಸಿರಾಟ, ಆಮೇಲೆ ರಕ್ತಸಂಚಾರ. ಎದೆನೋವು ಎಡಗೈಗೆ ಹರಡಿ ತಣ್ಣನೆ ಬೆವರು ಬಂದರೆ ಹೃದಯಾಘಾತ ಇರಬಹುದು. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಪಾರ್ಶ್ವವಾಯು. ಸಕ್ಕರೆ ಕಾಯಿಲೆಯವರು ನಡುಗಿ, ಬೆವರಿ, ಗೊಂದಲಗೊಂಡರೆ ಸಕ್ಕರೆ ಅಂಶ ಇಳಿದಿರಬಹುದು. ಡೆಂಗ್ಯೂ ಜ್ವರ ಇಳಿದ ಮೇಲೂ ಹೊಟ್ಟೆನೋವು ಜೋರಾದರೆ, ವಸಡಿನಲ್ಲಿ ರಕ್ತ ಬಂದರೆ ತಡಮಾಡಬಾರದು. ಅಳುವ ಮಗುವಿಗೆ ನೋವಿದೆ ನಿಜ, ಆದರೆ ಅಳಲು ಉಸಿರಿದೆ. ಸುಮ್ಮನೆ ಕುಳಿತವರನ್ನೂ ಗಮನಿಸಬೇಕು.

ಆ ಅಜ್ಜ ಏನಾದರೋ ನನಗೆ ತಿಳಿಯದು. ತಮ್ಮನ ಕೈ ಮಾತ್ರ ಚೆನ್ನಾಗಿ ಕೂಡಿಕೊಂಡಿದೆ. ಆ ನರ್ಸ್ ಮತ್ತೆ ಸಿಕ್ಕರೆ ನಾನು ಕ್ಷಮೆ ಕೇಳಬೇಕು.