ಜೊತೆಗಾರನನ್ನು ಅರಸಿದ ಬಿಲ್ ವಿಲ್ಸನ್

ಮದ್ಯಪಾನದ ನಿಂದೆ ನಮ್ಮ ವಾಙ್ಮಯಕ್ಕೆ ಹೊಸದಲ್ಲ. ಸ್ಮೃತಿಕಾರರು ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿದರು. ಭಾರತದ ಮೌಸಲಪರ್ವದಲ್ಲಿ ಯಾದವಕುಲವೇ ಕುಡಿದು ಹೊಡೆದಾಡಿ ಅಳಿಯಿತು. ಆದರೆ ಕುಡಿತವನ್ನು ಬಿಡಬೇಕೆಂದು ಹಂಬಲಿಸಿಯೂ ಬಿಡಲಾರದವನು ಯಾರ ಬಳಿಗೆ ಹೋಗಬೇಕು? ನಿಂದೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ತನ್ನ ಬಾಳನ್ನೇ ಪಣವಾಗಿಟ್ಟು ಆ ಉತ್ತರವನ್ನು ಕಂಡುಕೊಂಡವನು ಅಮೆರಿಕದ ವಿಲಿಯಂ ಗ್ರಿಫಿತ್ ವಿಲ್ಸನ್. ಲೋಕ ಅವನನ್ನು ಸಲುಗೆಯಿಂದ ಬಿಲ್ ಎಂದೇ ಕರೆಯಿತು.

ವಿಲ್ಸನ್ ಹುಟ್ಟಿದುದು 1895ರ ನವೆಂಬರ್ 26ರಂದು, ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿಯರು ಅಗಲಿದ ಮೇಲೆ ಬಾಲಕನು ತಾಯಿಯ ತವರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದನು. 1912ರಲ್ಲಿ ಅವನು ಮನಸಾರೆ ಮೆಚ್ಚಿದ್ದ ಸಹಪಾಠಿ ತರುಣಿಯೊಬ್ಬಳು ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಳು; ಆ ಆಘಾತ ಅವನನ್ನು ಬಹುಕಾಲ ಕುಗ್ಗಿಸಿತು. 1917ರಲ್ಲಿ, ಯುದ್ಧಕಾಲದ ಸೈನ್ಯಾಧಿಕಾರಿಯಾಗಿ ನ್ಯೂ ಬೆಡ್‌ಫರ್ಡಿನಲ್ಲಿದ್ದಾಗ, ಔತಣಕೂಟಗಳಲ್ಲಿ ಮೊದಲ ಬಾರಿಗೆ ಮದ್ಯದ ರುಚಿ ಕಂಡನು. ಜನರ ನಡುವೆ ಮುದುಡಿಕೊಳ್ಳುತ್ತಿದ್ದ ತರುಣನಿಗೆ ನಾಲಗೆ ಸಡಿಲವಾಯಿತು, ಧೈರ್ಯ ಬಂದಿತು. ಬಂದುದು ಧೈರ್ಯವಲ್ಲ, ಸಾಲ. ಅದರ ಬಡ್ಡಿಯನ್ನು ಮುಂದೆ ಹದಿನೇಳು ವರ್ಷ ತೆರಬೇಕಾಯಿತು.

1918ರ ಜನವರಿ 24ರಂದು ಲೋಯಿಸ್ ಬರ್ನಮ್ ಎಂಬ ಸದ್ಗೃಹಿಣಿ ಅವನ ಕೈಹಿಡಿದಳು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕಂಪನಿಗಳ ಒಳಗುಟ್ಟನ್ನು ಶೋಧಿಸಿ ಹೇಳುವ ಕಸುಬಿನಲ್ಲಿ ಅವನು ಹೆಸರು ಮಾಡಿದನು. 1929ರಲ್ಲಿ ಪೇಟೆ ಕುಸಿಯಿತು. ಹಣ ಹೋಯಿತು, ಕುಡಿತ ಉಳಿಯಿತು. ಲೋಯಿಸ್ ಅಂಗಡಿಯೊಂದರಲ್ಲಿ ದುಡಿದು ಮನೆ ನಡೆಸಿದಳು. ನಗರದ ಟೌನ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಲ್ಕ್‌ವರ್ತ್ ಎಂಬ ಕರುಣಾಳು ವೈದ್ಯನು, ಇದು ಶೀಲದ ದೋಷವಲ್ಲ, ದೇಹಕ್ಕೂ ಮನಸ್ಸಿಗೂ ಅಂಟಿದ ರೋಗವೆಂದು ತಿಳಿಹೇಳಿದನು. ತಿಳಿದುದರಿಂದ ಕುಡಿತ ನಿಲ್ಲಲಿಲ್ಲ. 1934ರ ಕೊನೆಯಲ್ಲಿ ಎಬ್ಬಿ ಥ್ಯಾಚರ್ ಎಂಬ ಹಳೆಯ ಪಾನಗೆಳೆಯನು, ಕುಡಿತ ಬಿಟ್ಟವನಾಗಿ, ಅವನ ಮನೆಗೆ ಬಂದನು. ಅದೇ ಡಿಸೆಂಬರಿನಲ್ಲಿ ನಾಲ್ಕನೆಯ ಬಾರಿ ಆಸ್ಪತ್ರೆ ಸೇರಿದ ವಿಲ್ಸನ್ನನಿಗೆ ಅಲ್ಲಿ ಒಂದು ಆಧ್ಯಾತ್ಮಿಕ ಅನುಭವವಾಯಿತು. ಅಲ್ಲಿಂದ ಮುಂದೆ ಅವನು ಮದ್ಯವನ್ನು ಮುಟ್ಟಲಿಲ್ಲ.

ಅನಂತರದ ತಿಂಗಳುಗಳಲ್ಲಿ ಅವನು ಕಂಡ ಕಂಡ ಕುಡುಕರಿಗೆ ಉಪದೇಶ ಮಾಡಿದನು. ಒಬ್ಬನೂ ತಿದ್ದಿಕೊಳ್ಳಲಿಲ್ಲ. ಉಪದೇಶವನ್ನು ಬಿಟ್ಟು ರೋಗದ ಮಾತನ್ನು ಮೊದಲು ಆಡೆಂದು ವೈದ್ಯನು ಬುದ್ಧಿ ಹೇಳಿದನು. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕಾಗಿ ಒಹಾಯೋದ ಆಕ್ರನ್ ನಗರಕ್ಕೆ ಹೋದಾಗ ಆ ಕೆಲಸವೂ ಕೆಟ್ಟಿತು. ಮೇಫ್ಲವರ್ ಹೋಟಲಿನ ಹಜಾರದಲ್ಲಿ ಅವನು ಒಂಟಿ. ಒಂದು ಕಡೆ ಪಡಖಾನೆಯ ನಗೆಮಾತು, ಇನ್ನೊಂದು ಕಡೆ ಟೆಲಿಫೋನು, ಅದರ ಬಳಿ ಊರಿನ ಚರ್ಚುಗಳ ಪಟ್ಟಿ. ಅವನು ಟೆಲಿಫೋನಿನ ಕಡೆಗೆ ನಡೆದನು. ತನ್ನನ್ನು ಕಾಪಾಡುವವನನ್ನು ಅವನು ಕೇಳಲಿಲ್ಲ. ತಾನು ಮಾತನಾಡಬಹುದಾದ ಮತ್ತೊಬ್ಬ ಕುಡುಕನನ್ನು ಕೇಳಿದನು. ಪಾದ್ರಿಯೊಬ್ಬರು ಕೊಟ್ಟ ಹೆಸರುಗಳಿಗೆ ಒಂದೊಂದಾಗಿ ಕರೆಮಾಡುತ್ತ ಹೋಗಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದನು.

ಆಕೆಯ ಮನೆಯಲ್ಲಿ ಮೇ 12ರ ಸಂಜೆ ಅವನಿಗೆ ದೊರೆತವನು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರೆನೆಂದು ಬಂದ ಬಾಬ್, ಆರು ಗಂಟೆಗಳಿಗೂ ಮೀರಿ ಕುಳಿತನು. ಬುದ್ಧಿ ಹೇಳುವವರನ್ನು ಅವನು ಬೇಕಾದಷ್ಟು ಕಂಡಿದ್ದನು. ಎದುರಿಗೆ ಕುಳಿತು ತನ್ನ ದುರವಸ್ಥೆಯನ್ನೇ ತೆರೆದಿಡುವವನನ್ನು ಕಂಡುದು ಅದೇ ಮೊದಲು. ಮತ್ತೊಮ್ಮೆ ಎಡವಿದನಾದರೂ ಬಾಬ್ ಜೂನ್ 10ರಂದು ಕೊನೆಯ ಬಾರಿ ಕುಡಿದನು. ಅನಾಮಧೇಯ ಮದ್ಯವ್ಯಸನಿಗಳ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಆ ದಿನವನ್ನೇ ತನ್ನ ಜನ್ಮದಿನವೆಂದು ಆಚರಿಸುತ್ತದೆ.

ಬ್ರೂಕ್ಲಿನ್ನಿನ ವಿಲ್ಸನ್ ದಂಪತಿಗಳ ಮನೆಯಲ್ಲೂ ಕೂಟಗಳು ನಡೆದವು. 1939ರಲ್ಲಿ ಹನ್ನೆರಡು ಮೆಟ್ಟಿಲುಗಳ ಕ್ರಮವನ್ನು ವಿವರಿಸುವ ಗ್ರಂಥ ಹೊರಬಂದಿತು. ಅದೇ ವರ್ಷ ಸಾಲಕ್ಕೆ ಸಿಕ್ಕಿ ಮನೆ ಕೈಬಿಟ್ಟಿತು. 1941ರಲ್ಲಿ ವಾರಪತ್ರಿಕೆಯೊಂದು ಬರೆದ ಲೇಖನದಿಂದ, ಸುಮಾರು 2,000 ಇದ್ದ ಸದಸ್ಯರು ಅದೇ ವರ್ಷದೊಳಗೆ 8,000ಕ್ಕೆ ಏರಿದರು. ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಯೇಲ್ ವಿಶ್ವವಿದ್ಯಾನಿಲಯವು 1954ರಲ್ಲಿ ನೀಡಹೊರಟ ಗೌರವ ಪದವಿಯನ್ನು ವಿಲ್ಸನ್ ಒಲ್ಲೆನೆಂದನು. ಹೆಸರಿನ ಹಂಬಲವೂ ಒಂದು ಮತ್ತೆಂದು ಅವನು ಅರಿತಿದ್ದನು.

ಅವನು ಸಂತನಾಗಿರಲಿಲ್ಲ. ವರ್ಷಗಟ್ಟಲೆ ಮನಸ್ಸಿನ ಖಿನ್ನತೆ ಅವನನ್ನು ಕಾಡಿತು. ಧೂಮಪಾನವನ್ನು ಬಹುಕಾಲ ಬಿಡಲಾರದೆ ಶ್ವಾಸಕೋಶ ಕೆಟ್ಟು, 1971ರ ಜನವರಿ 24ರಂದು, ತನ್ನ ವಿವಾಹದ ದಿನವೇ, ಮಯಾಮಿಯಲ್ಲಿ ಕಣ್ಣುಮುಚ್ಚಿದನು. ಮೂವತ್ತಾರು ವರ್ಷ ಅವನು ಮದ್ಯದಿಂದ ದೂರವಿದ್ದುದು ಬಲಶಾಲಿಯಾಗಿದ್ದುದರಿಂದಲ್ಲ, ಒಂಟಿಯಾಗಿರಲೊಪ್ಪದುದರಿಂದ.

ಇಂದು ಬೆಂಗಳೂರೂ ಸೇರಿ ಲೋಕದ ಅಸಂಖ್ಯ ಊರುಗಳಲ್ಲಿ ಇಂಥ ಕೂಟಗಳು ಸೇರುತ್ತವೆ. ಮೊದಲ ದಿನ ಬಾಗಿಲಲ್ಲಿ ಹಿಂಜರಿದು ನಿಲ್ಲುವ ಹೊಸಬನು ಏನನ್ನೂ ಹೇಳಬೇಕಾಗಿಲ್ಲ. ಕುಳಿತು ಕೇಳಿದರೆ ಸಾಕು. ಒಳಗಿರುವವರು ಅವನಿಗೆ ಉಪಕಾರ ಮಾಡಲು ಕಾದಿರುವ ದೊಡ್ಡವರಲ್ಲ. ಅವನು ಬಂದುದರಿಂದ ಅವರೂ ಇನ್ನೊಂದು ದಿನ ಉಳಿದರು.